ಐವತ್ತು ಎಂಎಲ್ ಅರ್ಥಶಾಸ್ತ್ರ

"ಏನ್ ಭಟ್ರೇ, ಟೀಗೆ ಮತ್ತೆ ಎರಡು ರೂಪಾಯಿ ಏರಿಸಿದ್ರಾ?"

"ನಾನೆಲ್ಲಿ ಏರಿಸ್ದೆ ಮೇಷ್ಟ್ರೇ? ಹಾಲು ಹತ್ತಿತು, ನಾನೂ ಹಿಂದೆ ಹತ್ತಿದೆ."

"ಹಾಲು 50 ಎಂಎಲ್ ಜಾಸ್ತಿ ಕೊಡ್ತಿದ್ರಲ್ಲ?"

"2024ರ ಜೂನ್‌ನಲ್ಲಿ ಕೊಟ್ರು. ಲೀಟರ್ ಪ್ಯಾಕೆಟ್ಟಿಗೆ ಎರಡು ರೂಪಾಯಿ ಹೆಚ್ಚು ತಗೊಂಡು, ಇದು ಬೆಲೆ ಏರಿಕೆಯೇ ಅಲ್ಲ ಅಂದ್ರು. 2025ರ ಏಪ್ರಿಲ್‌ಗೆ 50 ಎಂಎಲ್ ತವರಿಗೆ ಹೋಯ್ತು. ಎರಡು ರೂಪಾಯಿ ಇಲ್ಲೇ ಉಳೀತು, ಜೊತೆಗೆ ಇನ್ನೆರಡನ್ನ ಕರೆಸಿಕೊಂಡಿತು."

"ಪೆಟ್ರೋಲ್ ಮಾತ್ರ ಒಮ್ಮೆ ಇಳಿದಿತ್ತಪ್ಪ!"

"ಅದಕ್ಕೆ ಪಂಚಾಂಗ ಗೊತ್ತು. 2024ರ ಲೋಕಸಭೆ ಚುನಾವಣೆಗೆ ಮುಂಚೆ, ಮಾರ್ಚ್‌ನಲ್ಲಿ, ದಿಲ್ಲಿಯವರು ಎರಡು ರೂಪಾಯಿ ಇಳಿಸಿದ್ರು. ಫಲಿತಾಂಶ ಬಂದು ಹನ್ನೊಂದು ದಿನಕ್ಕೆ ಬೆಂಗಳೂರಿನವರು ಮೂರು ಏರಿಸಿದ್ರು."

(ಹನ್ನೊಂದನೇ ದಿನ ಏನು ಮಾಡ್ತಾರೆ ಅಂತ ಭಟ್ಟರಿಗೆ ಹೇಳಿಕೊಡಬೇಕೆ?)

"ಮನೆಗೆ ಗೃಹಲಕ್ಷ್ಮಿ 2000 ಬರುತ್ತಲ್ರೀ, ಇನ್ನೇನು ಗೋಳು?"

"ನಮ್ಮೋಳಿಗೆ ಬರುತ್ತೆ. ಅದ್ರಲ್ಲೇ ನಂಗೆ ಪೆಟ್ರೋಲಿಗೆ ಸಾಲ ಕೊಡ್ತಾಳೆ, ಬಡ್ಡಿಗೆ! ತಾನು ಮಾತ್ರ ಬಸ್ಸಲ್ಲಿ ಫ್ರೀ."

"ಹಾಗಾದ್ರೆ ಓಟು ಯಾರಿಗೆ?"

"ಅದಿರ್ಲಿ. ಮುಂದಿನ ಚುನಾವಣೆ ಯಾವಾಗ ಅಂತ ಪೇಪರ್ ನೋಡಿ ಹೇಳಿ ಮೇಷ್ಟ್ರೇ, ಅಲ್ಲೀವರೆಗೂ ಸ್ಕೂಟರ್ ತಳ್ಕೊಂಡೇ ಹೋಗ್ತೀನಿ."