ಬಾಣಾವರ ಸೀಮೆಯ ರೇಡಿಯೋಗ್ರಾಂ: ಒಂದು ಪುರಾತತ್ತ್ವ ಮೀಮಾಂಸೆ

ಹೊಯ್ಸಳರಿಗೆ ಸ್ಟೀರಿಯೋ ಗೊತ್ತಿತ್ತೇ? ಈ ಪ್ರಶ್ನೆಯನ್ನು ನಾಡಿನ ಇತಿಹಾಸಕಾರರು ಈವರೆಗೆ ಎತ್ತಿಲ್ಲ. ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಊರೂರಿನಿಂದ ಕಲೆಹಾಕಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ ಮಾಡಿದರು. ಅದರಲ್ಲಿ ದತ್ತಿ ಇದೆ, ಕೆರೆ ಇದೆ, ವೀರಗಲ್ಲಿದೆ, ರೇಡಿಯೋಗ್ರಾಂ ಇಲ್ಲ. ಅಷ್ಟು ದಪ್ಪದ ಪುಸ್ತಕ ಈ ಒಂದು ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರುವುದು ಆಕಸ್ಮಿಕವಿರಲಾರದು ಎಂಬ ಗುಮಾನಿಯಿಂದಲೇ ಬಾಣಾವರ ಪಂಥದ ರೇಡಿಯೋಗ್ರಾಂ ಶಾಸ್ತ್ರ ಹೊರಡುತ್ತದೆ.

ಪ್ರಮಾಣಗಳು ಕಣ್ಣೆದುರಿಗೇ ಇವೆ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಆ ದೇವಾಲಯಕ್ಕೆ ಗರ್ಭಗುಡಿ ಒಂದೇ, ಆದ್ದರಿಂದ ಅದು ಮೋನೋ. ನಾಲ್ಕಾರು ವರ್ಷ ಕಳೆಯುವಷ್ಟರಲ್ಲಿ ಹಳೇಬೀಡಿನಲ್ಲಿ ಕೆಲಸ ಹಿಡಿದವರು ಹೊಯ್ಸಳೇಶ್ವರನಿಗೊಂದು, ಶಾಂತಲೇಶ್ವರನಿಗೊಂದು ಗರ್ಭಗುಡಿ ಕಟ್ಟಿ, ಎರಡನ್ನೂ ಕಂಬಸಾಲಿನಿಂದ ಕೂಡಿಸಿ, ಎದುರಿಗೆ ಎರಡು ನಂದಿಗಳನ್ನು ಕೂರಿಸಿದರು. ಎಡಕ್ಕೊಂದು, ಬಲಕ್ಕೊಂದು, ಕೇಳುವುದಕ್ಕೆ ಇಬ್ಬರು. ಎರಡು ಚಾನೆಲ್ ಎಂಬುದನ್ನು ಕಲ್ಲಿನಲ್ಲಿ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಲಂಡನ್ನಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರ ಡಿಸೆಂಬರಿನಲ್ಲಿ, ಎಂಟುನೂರು ಚಿಲ್ಲರೆ ವರ್ಷ ತಡವಾಗಿ. ಇನ್ನು ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲೇ ಸಿಗುವ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯವಂತೂ ತ್ರಿಕೂಟ. 1933ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಲ್ಯಾಬೊರೇಟರಿಯವರು ಫಿಲಡೆಲ್ಫಿಯಾದಲ್ಲಿ ನುಡಿದ ಆರ್ಕೆಸ್ಟ್ರಾವನ್ನು ಮೂರು ಚಾನೆಲ್‌ಗಳಲ್ಲಿ ಟೆಲಿಫೋನ್ ತಂತಿಯ ಮೇಲೆ ವಾಷಿಂಗ್ಟನ್‌ಗೆ ಕಳಿಸಿ ಜನರನ್ನು ಬೆರಗುಗೊಳಿಸಿದರು. ಜಾವಗಲ್ಲಿನವರು ಇದಕ್ಕೆ ಬೆರಗಾದ ದಾಖಲೆ ಇಲ್ಲ.

ಇನ್ನು ಕಂಬಗಳು. ಬಳಪದ ಕಲ್ಲು ಗಣಿಯಿಂದ ಬಂದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಮೆತ್ತಗಿರುವಾಗಲೇ ಅದನ್ನು ಲೇತಿನಂಥ ಯಂತ್ರಕ್ಕೆ ಕೊಟ್ಟು ತಿರುಗಿಸಿ ಕಡೆದರು ಎಂದು ವಿದ್ವಾಂಸರೇ ಹೇಳುತ್ತಾರೆ. ತಿರುಗುವ ಒಂದು ವಸ್ತು, ಅದಕ್ಕೆ ತಾಗಿದ ಮೊನೆ, ಮೊನೆ ಬಿಟ್ಟುಹೋದ ಗೆರೆ. ರೆಕಾರ್ಡಿಗೆ ಬೇಕಾದ್ದು ಇಷ್ಟೇ ತಾನೆ? ಹಾಗಾದರೆ ಕಂಬಕ್ಕೆ ಮುಳ್ಳಿಟ್ಟರೆ ಶಾಂತಲೆಯ ಗೆಜ್ಜೆ ಕೇಳಿಸಬೇಕು ಎಂದು ಹೊರಟವರನ್ನು ಒಂದೇ ಒಂದು ಆಕ್ಷೇಪ ತಡೆದು ನಿಲ್ಲಿಸಿದೆ. ರೆಕಾರ್ಡಿನ ಒಂದು ಮಗ್ಗುಲಲ್ಲಿರುವುದು ನೂರಾರು ಗೆರೆಗಳಲ್ಲ. ಅಂಚಿನಿಂದ ನಡುವಿನವರೆಗೆ ಸುತ್ತಿಕೊಂಡು ಹೋಗುವ ಒಂದೇ ಗೆರೆ. ಕಂಬದ ಗೆರೆಗಳೋ, ಒಂದೊಂದೂ ಬೇರೆ ಬೇರೆ ಬಳೆ. ಮುಳ್ಳಿಟ್ಟರೆ ಇಟ್ಟ ಜಾಗದಲ್ಲೇ ಸುತ್ತುತ್ತದೆ. ಅಂದರೆ ಹಾಡು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಒಂಬೈನೂರು ವರ್ಷದಿಂದ ಅದನ್ನೇ ಹೇಳುತ್ತಿದೆ ಎಂದಾಯಿತು. ಪಂಥದ ಹಿರಿಯರು ಈ ಆಕ್ಷೇಪ ಬಂದಾಗಲೆಲ್ಲ ಕಾಫಿ ತರಿಸುತ್ತಾರೆ.

ಆದರೂ ಕಲ್ಲಿಗೂ ಹಾಡಿಗೂ ನಂಟಿಲ್ಲವೆನ್ನುವಂತಿಲ್ಲ. ನಿಮಿಷಕ್ಕೆ 78 ಸುತ್ತು ಹಾಕುವ ಹಳೆಯ ಪ್ಲೇಟಿನಲ್ಲಿ ಅರಗಿಗಿಂತ ಕಲ್ಲಿನ ಪುಡಿಯೇ ಹೆಚ್ಚು. ಪುಡಿಯನ್ನು ಹಿಡಿದಿಡುವ ಅಂಟು ಅರಗು, ಕಪ್ಪು ಬಣ್ಣ ಮಸಿಯದು. ಕೈಜಾರಿ ಬಿದ್ದರೆ ಹೆಂಚಿನ ಹಾಗೆ ಚೂರಾಗುವುದು ಅದಕ್ಕೇ. ಆ ಅರಗನ್ನು ಸ್ರವಿಸುವ ಹುಳ ಇರುವುದು ನಮ್ಮ ದೇಶದ ಕಾಡುಗಳಲ್ಲಿ. ಹೀಗಾಗಿ 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಶುರುವಾಗುವ ಮೊದಲು ಇಲ್ಲಿನ ಅರಗು ಹಡಗು ಹತ್ತಿ ಹೋಗಿ, ಇಲ್ಲಿನದೇ ಹಾಡು ಹೊತ್ತ ಪ್ಲೇಟಾಗಿ ವಾಪಸು ಬರುತ್ತಿತ್ತು. ಹುಳಕ್ಕೆ ರಾಯಲ್ಟಿ ಕೊಟ್ಟದ್ದು ಯಾವ ಲೆಕ್ಕಪುಸ್ತಕದಲ್ಲೂ ಕಾಣದು.

ಮೈಸೂರು ಸೀಮೆಗೆ ಈ ಶಾಸ್ತ್ರದಲ್ಲಿ ಹಕ್ಕಿರುವುದನ್ನು ಯಾರೂ ಅಲ್ಲಗಳೆಯಲಾರರು. 1902ರ ನವೆಂಬರಿನಲ್ಲಿ, ಭಾರತದ ಮೊದಲ ರೆಕಾರ್ಡಿಂಗ್ ಯಾತ್ರೆಯಲ್ಲೇ ಹಾಡಿ, ಪ್ಲೇಟಿನ ಕೊನೆಗೆ ತನ್ನ ಹೆಸರನ್ನು ತಾನೇ ಸಾರಿದ ಗೌಹರ್ ಜಾನ್ ಕಡೆಯ ದಿನಗಳಲ್ಲಿ ಮೈಸೂರು ಆಸ್ಥಾನದಲ್ಲಿದ್ದು 1930ರ ಜನವರಿಯಲ್ಲಿ ಆ ಊರಿನಲ್ಲೇ ತೀರಿಕೊಂಡರು. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು 'ಆಕಾಶವಾಣಿ' ನಡೆಸಿದರು. ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ತಮ್ಮ ಖರ್ಚಿನಲ್ಲಿ ಎಚ್‌ಎಂವಿ ಪ್ಲೇಟುಗಳಿಗೆ ಇಳಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೆ ಅರ್ಪಿಸಿದರು. ಬಾಣಾವರದ ತೋಟದವರು ಅಷ್ಟು ದೂರ ಹೋಗಲಿಲ್ಲ. ಕೊಬ್ಬರಿಗೆ ರೇಟು ಬಂದ ವರ್ಷ ಅವರು ರೇಡಿಯೋಗ್ರಾಂ ಪೆಟ್ಟಿಗೆಯ ಕಡೆ ನೋಡಿದರು ಎಂಬುದು ಪಂಥದ ಆರ್ಥಿಕ ಶಾಖೆಯ ಊಹೆ.

ಈಗ ಲಕ್ಷಣ. ರೇಡಿಯೋಗ್ರಾಂ ಎಂದರೆ ನಾಲ್ಕು ಕಾಲು, ಎರಡು ಮುಚ್ಚಳ, ಎದುರಿಗೆ ಜರಿಬಟ್ಟೆ ಬಿಗಿದ ಎರಡು ಸ್ಪೀಕರ್ ಉಳ್ಳದ್ದು. ಒಂದು ಮುಚ್ಚಳದಡಿ ರೇಡಿಯೋ, ಇನ್ನೊಂದರಡಿ ಪ್ಲೇಟು ತಿರುಗುವ ಜಾಗ. ಗುಂಡಿ ಒತ್ತಿದ ಕೂಡಲೇ ಹಾಡಿದರೆ ಅದು ಟ್ರಾನ್ಸಿಸ್ಟರಿನದು, ಶಾಸ್ತ್ರಕ್ಕೆ ಹೊರತು. ವಾಲ್ವಿನದು ಕಾಯಿಸುತ್ತದೆ. ಒಳಗಿನ ತಂತಿ ಕೆಂಪಗಾಗಿ, ಗಾಜಿಗೆ ಬಿಸಿ ಹತ್ತಿ, ಧೂಳು ಸುಟ್ಟ ವಾಸನೆ ಬಂದು, ಆಮೇಲೆ ಡಯಲ್ಲಿನ ಮೂಲೆಯಲ್ಲಿ ಹಸಿರು ಕಣ್ಣು ತೆರೆದುಕೊಳ್ಳುತ್ತದೆ. ಸ್ಟೇಷನ್ ಸರಿಯಾಗಿ ಸಿಕ್ಕಿದಷ್ಟೂ ಅದರ ಎರಡು ರೆಪ್ಪೆ ಹತ್ತಿರಾಗುತ್ತವೆ. ಇದಿಷ್ಟಕ್ಕೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಿಕೊಳ್ಳಬೇಕಿದ್ದ ಕಾಲವೊಂದಿತ್ತು. ಅಟ್ಟದಲ್ಲಿ ಪೆಟ್ಟಿಗೆಗಿಂತ ಮೊದಲು ಆ ಪುಸ್ತಕ ಸಿಕ್ಕಿದರೆ ಸಂಶೋಧಕರು ಅದನ್ನು ತಾಮ್ರಶಾಸನವೆಂದೇ ಎಣಿಸುತ್ತಾರೆ.

ವಾಲ್ವಿನ ವ್ಯಾಕರಣ ಪಾಣಿನಿಗೆ ಮೆಚ್ಚುಗೆಯಾಗುವಂಥದು. ಇಸಿಸಿ 83 ಎಂಬ ಸೂತ್ರವನ್ನೇ ನೋಡಬಹುದು. 'ಇ' ಎಂದರೆ ಬಿಸಿಯಾಗಲು 6.3 ವೋಲ್ಟ್ ಬೇಕು. 'ಸಿ' ಎಂದರೆ ಟ್ರಯೋಡ್. ಅದು ಎರಡು ಸಲ ಬಂದರೆ ಒಂದೇ ಗಾಜಿನೊಳಗೆ ಟ್ರಯೋಡ್ ಎರಡು. 'ಎಂಟು' ಎಂದರೆ ಕಾಲು ಒಂಬತ್ತು. ಎಂಟೆಂದರೆ ಒಂಬತ್ತು ಹೇಗೆ ಎಂದು ಕೇಳುವ ಶಿಷ್ಯನನ್ನು ಮೊದಲ ದಿನವೇ ಮನೆಗೆ ಕಳಿಸುವುದು ವಾಡಿಕೆ. ಇಎಲ್ 84 ಸ್ಪೀಕರಿಗೆ ಬಲ ಕೊಡುತ್ತದೆ, ಇಜ಼ಡ್ 81 ಕರೆಂಟನ್ನು ಏಕಮುಖ ಮಾಡುತ್ತದೆ, ಇಎಂ 84 ಆ ಹಸಿರು ಕಣ್ಣು. ಇವಕ್ಕಾಗಿ ಹಾಲೆಂಡಿನತ್ತ ಮುಖ ಮಾಡಬೇಕೆಂದೇನಿಲ್ಲ. 1954ರಲ್ಲಿ ಹುಟ್ಟಿದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಜಾಲಹಳ್ಳಿಯ ಈ ವಾಲ್ವುಗಳಿಗೆ ಈಗ ವಿದೇಶದ ಸಂಗ್ರಾಹಕರೂ ಕೈಚಾಚುತ್ತಾರೆ. ಸಂಶೋಧಕರು ಇವನ್ನು ಹುಡುಕಿಕೊಂಡು ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುತ್ತಾರೆ. ಅಂಗಡಿಯವನು ಕೊಟ್ಟ ವಾಲ್ವನ್ನು ಬೆಳಕಿಗೆ ಹಿಡಿದು ತಲೆಯ ಒಳಭಾಗ ನೋಡುವುದು ಕ್ರಮ. ಅಲ್ಲಿ ಕನ್ನಡಿಯ ಹಾಗೆ ಬೆಳ್ಳಿ ಬಣ್ಣವಿದ್ದರೆ ಜೀವವಿರಬಹುದು. ಹಾಲಿನಂತೆ ಬೆಳ್ಳಗಿದ್ದರೆ ಗಾಳಿ ಹೊಕ್ಕಿದೆ, ಕಥೆ ಮುಗಿದಿದೆ.

ಕ್ಷೇತ್ರಕಾರ್ಯದ ಮಾತಿಗೆ ಬಂದರೆ ಈ ಸೀಮೆ ಸಂಪನ್ನವಾದದ್ದು. ಅರಸೀಕೆರೆ, ತಿಪಟೂರಿನ ಕಡೆ ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎಂದಾಗ ಹದವಾಯಿತು ಎಂದು ತಿಳಿಯುತ್ತದೆ. ಪ್ಲೇಟಿನ ಕಟ್ಟುಗಳೂ ಅದೇ ಅಟ್ಟದ ಮೂಲೆಯಲ್ಲಿರುತ್ತವೆ. ಕೊಬ್ಬರಿಗೆ ಒಗ್ಗುವ ಬಿಸಿ ಪ್ಲೇಟಿಗೆ ಒಗ್ಗುವುದಿಲ್ಲ. ಅರಗನ್ನು ಬೆಂಕಿಯ ಹತ್ತಿರ ಬಿಟ್ಟರೆ ಏನಾಗುತ್ತದೆಂಬುದನ್ನು ದುರ್ಯೋಧನ ಮನೆ ಕಟ್ಟಿಸಿಯೇ ತೋರಿಸಿದ್ದಾನೆ. ಇನ್ನು ವಿನೈಲ್ ಎಲ್‌ಪಿಗಳು ಒಂದರ ಮೇಲೊಂದು ಅಂಗಾತ ಬಿದ್ದಿದ್ದರೆ ಹಪ್ಪಳವಾಗಿರುತ್ತವೆ; ನೆಟ್ಟಗೆ ನಿಲ್ಲಿಸಿದ್ದರೆ ಬದುಕಿರುತ್ತವೆ. ಪೆಟ್ಟಿಗೆ ಮಾತ್ರ ಭಾರಕ್ಕೆ ಅಟ್ಟ ಹತ್ತದೆ ಕೆಳಗೇ ಉಳಿದು ಟಿವಿ ಸ್ಟ್ಯಾಂಡ್ ಆಗಿದೆ, ಗೌರಿಹಬ್ಬದಲ್ಲಿ ಮಂಟಪಕ್ಕೆ ಪೀಠವಾಗಿದೆ, ಪ್ಲೇಟಿಡುವ ಖಾನೆಯಲ್ಲಿ ಲಗ್ನಪತ್ರಿಕೆಗಳಿವೆ. ಇದನ್ನು ಕೊಳ್ಳಲು ಬಂದವನು ಯಾವ ಕಾರಣಕ್ಕೂ ಬಂದ ಕೂಡಲೇ ಅದರ ಕಡೆ ನೋಡಬಾರದು. ಮಳೆ, ಬೆಳೆ, ಕೊಬ್ಬರಿ ರೇಟು, ಹುಡುಗನ ಓದು ಎಲ್ಲ ವಿಚಾರಿಸಿ, ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಇದೇನಣ್ಣ, ಇದನ್ನಿನ್ನೂ ಗುಜರಿಗೆ ಹಾಕಿಲ್ವಾ?" ಎನ್ನಬೇಕು. ಯಜಮಾನರೂ ಇದೇ ಶಾಸ್ತ್ರ ಓದಿಕೊಂಡಿದ್ದರೆ, "ನಮ್ಮಪ್ಪಾರ ನೆನಪು ಕಣಪ್ಪ, ಕೊಡಕ್ಕಾಗಲ್ಲ" ಎಂದು ರೇಟು ಎರಡರಷ್ಟು ಮಾಡುತ್ತಾರೆ.

ಸಂರಕ್ಷಣೆಯ ವಿಷಯದಲ್ಲಿ ಪಂಥ ಒಡೆದು ಮೂರಾಗಿದೆ. ಯಥಾಸ್ಥಿತಿವಾದಿಗಳ ಪ್ರಕಾರ ಏನನ್ನೂ ಮುಟ್ಟಬಾರದು. ಹೊಯ್ಸಳೇಶ್ವರನಿಗೆ ಶಿಖರವಿಲ್ಲ, 2023ರಲ್ಲಿ ಯುನೆಸ್ಕೋದವರು ಪಟ್ಟಿಗೆ ಸೇರಿಸುವಾಗ ಶಿಖರ ಹಾಕಿಸಿಕೊಂಡು ಬನ್ನಿ ಎಂದರೇ? ಹಾಗಿದ್ದಮೇಲೆ ರೇಡಿಯೋಗ್ರಾಂ ಹಾಡಲೇಬೇಕೆಂಬ ಹಟವೇಕೆ? ಜೀರ್ಣೋದ್ಧಾರವಾದಿಗಳು ಇನ್ನೊಂದು ತುದಿ: ಒಳಗಿನ ವಾಲ್ವು, ಟ್ರಾನ್ಸ್‌ಫಾರ್ಮರನ್ನೆಲ್ಲ ಕಿತ್ತು ಬ್ಲೂಟೂತ್ ಕೂರಿಸಿ, ಹಸಿರು ಕಣ್ಣಿನ ಜಾಗಕ್ಕೆ ಹಸಿರು ಎಲ್‌ಇಡಿ ಹಚ್ಚಿ, ಮದುವೆ ಮನೆಯಲ್ಲಿ ಪ್ರದರ್ಶನಕ್ಕಿಡುತ್ತಾರೆ. ಇವರ ಹೆಸರು ಬಂದಾಗ ಉಳಿದಿಬ್ಬರು ಒಂದಾಗುತ್ತಾರೆ. ಮೂರನೆಯವರು ಪರಕಾಯ ಪ್ರವೇಶವಾದಿಗಳು. ಹಳೆಯ ಕಂಡೆನ್ಸರಿನ ಹೊಟ್ಟೆ ಬಗೆದು, ಒಣಗಿದ್ದನ್ನು ತೆಗೆದು, ಅದೇ ಡಬ್ಬಿಯೊಳಗೆ ಹೊಸ ಕಂಡೆನ್ಸರ್ ಅಡಗಿಸಿ ಬೆಸುಗೆ ಹಾಕುತ್ತಾರೆ. ನೋಡಲು 1960, ಕೆಲಸಕ್ಕೆ ಇವತ್ತಿನದು. ನಿಜ ಹೇಳಬೇಕೆಂದರೆ ಹಾಡು ಕೇಳಿಸಿರುವುದು ಇವರೊಬ್ಬರ ಮನೆಯಲ್ಲೇ.

ಏಕೆಂದರೆ ಕಂಡೆನ್ಸರನ್ನು ಮುಟ್ಟದೆ ಗತ್ಯಂತರವಿಲ್ಲ. ಮೇಣದ ಕಾಗದದ ಕಂಡೆನ್ಸರ್ ಕಾಲಕ್ರಮದಲ್ಲಿ ಸೋರುತ್ತದೆ. ಸೋರಿದರೆ ಇಎಲ್ 84 ಮಿತಿಮೀರಿ ದುಡಿದು ಕೆಂಪಗಾಗುತ್ತದೆ, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಕರೆದುಕೊಂಡು ಹೋಗುತ್ತದೆ. ಆದ್ದರಿಂದ ಸಿಕ್ಕ ಪೆಟ್ಟಿಗೆಯನ್ನು ಸೀದಾ ಪ್ಲಗ್ಗಿಗೆ ಹಾಕಿ ನೋಡುವುದು ಬ್ರಹ್ಮಹತ್ಯೆಗೆ ಸಮ. ಮೊದಲು ಬಲ್ಬೊಂದನ್ನು ಸೀರೀಸ್‌ನಲ್ಲಿ ಕೊಟ್ಟು ಹಚ್ಚಬೇಕು. ಬಲ್ಬು ಒಮ್ಮೆ ಝಗ್ಗನೆ ಹೊತ್ತಿ ಮಂಕಾದರೆ ಮುಂದುವರಿಯಬಹುದು, ಪೂರ್ತಿ ಹೊತ್ತಿಕೊಂಡೇ ಇದ್ದರೆ ಒಳಗೆ ಶಾರ್ಟಿದೆ. ಇದಕ್ಕೆ ತಂತಿಯ ಹಳೇ ಬಲ್ಬೇ ಬೇಕು, ಎಲ್‌ಇಡಿ ನಡೆಯದು. ಹೀಗಾಗಿ ಈಗ ಬಲ್ಬನ್ನೂ ಸಂಗ್ರಹಿಸುವ ಉಪಶಾಖೆ ಹುಟ್ಟಿಕೊಂಡಿದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ 250 ವೋಲ್ಟಿನ ಮೇಲೆ ಕೂತಿರಬಹುದು. ಅದನ್ನು ಇಳಿಸದೆ ಕೈಹಾಕಿದವರಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ, ಹೇಳುವ ಪ್ರಮೇಯ ಬರದಿರಬಹುದೆಂಬ ಕಾರಣಕ್ಕೆ.

ಶುಚಿಯ ನಿಯಮ ಒಂದೇ ಇದೆ, ಅದೂ ಕಟ್ಟುನಿಟ್ಟು. ಎಲ್‌ಪಿ ಒರೆಸುವ ಸ್ಪಿರಿಟ್ಟಿನಿಂದ 78ರ ಪ್ಲೇಟನ್ನು ಒರೆಸಬಾರದು. ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ. ಮರಕ್ಕೆ ಹಚ್ಚುವ ಪಾಲಿಷನ್ನು ಮಾಡುವುದೇ ಹಾಗೆ. ಅದನ್ನರಿಯದ ಭಕ್ತನ ಕೈಬಟ್ಟೆ ಕಪ್ಪಾಗುತ್ತ ಹೋಗುವುದು ಕೊಳೆಯಿಂದಲ್ಲ, ಹಾಡಿನಿಂದ. ಮುಳ್ಳೂ ಬೇರೆ: ಅಗಲ ಗೆರೆಯ 78ಕ್ಕೆ ದಪ್ಪದ್ದು, ಎಲ್‌ಪಿಗೆ ಅದರ ಮೂರರಲ್ಲೊಂದು ಪಾಲಿನದು. ಪ್ಲೇಟು ತಿರುಗಿಸುವ ರಬ್ಬರ್ ಚಕ್ರ ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗಿದ್ದರೆ ಹಾಡಿನ ಕೆಳಗೆ ಎತ್ತಿನ ಗಾಡಿ ಹೋದಂತೆ ಕೇಳಿಸುತ್ತದೆ.

ಅಮೆರಿಕದಿಂದ ಊರಿಗೆ ಮರಳುವ ಕನ್ನಡ ಕುಟುಂಬಗಳು ತರುವ ಮ್ಯಾಗ್ನಾವಾಕ್ಸ್ ಪೆಟ್ಟಿಗೆಗಳದು ಬೇರೆಯೇ ಪ್ರಕರಣ. 110 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಆದರೆ ಆ ಮೋಟಾರು ಅಲ್ಲಿನ 60 ಸೈಕಲ್ಲಿಗೆ ಹುಟ್ಟಿದ್ದು, ನಮ್ಮಲ್ಲಿರುವುದು 50. ಹೀಗಾಗಿ 33⅓ರ ಬದಲು ನಿಮಿಷಕ್ಕೆ 28 ಸುತ್ತಿಗೂ ಕಡಿಮೆ. ಐದೂವರೆ ಮನೆ ಶ್ರುತಿಯಲ್ಲಿ ಹಾಡಿದ ಗಾಯಕಿ ನಾಲ್ಕು ಮನೆಗೆ ಇಳಿದು, ಕೃತಿಯನ್ನು ವಿಳಂಬದಲ್ಲಿ ಎಳೆಯುತ್ತಾರೆ. ಮೋಟಾರಿನ ತುದಿಯ ಪುಲ್ಲಿ ಬದಲಿಸಿದರೆ ಸರಿಹೋಗುತ್ತದೆ. ಅಲ್ಲಿಯವರೆಗೆ ಮನೆಯವರು ಇದನ್ನು ಮನೋಧರ್ಮವೆಂದು ಸಮರ್ಥಿಸುತ್ತಾರೆ.

ಕಡೆಯದಾಗಿ ಆಸನವಿಧಿ. ಸ್ಟೀರಿಯೋ ಸರಿಯಾಗಿ ಕೇಳಬೇಕಾದರೆ ಎರಡು ಸ್ಪೀಕರು, ಕೇಳುವವನು, ಈ ಮೂರೂ ಸಮಭುಜ ತ್ರಿಕೋನದಲ್ಲಿರಬೇಕು. ರೇಡಿಯೋಗ್ರಾಂನಲ್ಲಿ ಎರಡೂ ಸ್ಪೀಕರು ಒಂದೇ ಪೆಟ್ಟಿಗೆಯಲ್ಲಿರುವುದರಿಂದ ನಡುವಣ ಅಂತರ ಮೂರಡಿಯಾದರೆ ಕುರ್ಚಿಯೂ ಮೂರಡಿ ದೂರದಲ್ಲೇ ಇರಬೇಕು; ಅಲ್ಲಿ ಹಿಡಿಸುವುದು ಒಬ್ಬರು. ಮೂರು ತಲೆಮಾರು ಒಂದೇ ಪಡಸಾಲೆಯಲ್ಲಿ ಕೂರುವ ಮನೆಯೊಂದರಲ್ಲಿ ಆ ಒಂದು ಕುರ್ಚಿ ಯಾರದೆಂಬ ಪ್ರಶ್ನೆ ತೋಟದ ಪಾಲಿಗಿಂತ ಬಿಗಿಯಾಗಿ ನಿಂತಿತು. ಹಿರಿಯ ಮಗ ತನ್ನದೆಂದ, ದುಡ್ಡು ಕೊಟ್ಟ ಕಿರಿಯವನು ತನ್ನದೆಂದ. ವಾದ ಎರಡು ಹಬ್ಬ ದಾಟಿದ ಮೇಲೆ ಯಾರೋ ಅಟ್ಟದಿಂದ ಪ್ಲೇಟುಗಳನ್ನು ಇಳಿಸಿ ನೋಡಿದರೆ ಎಲ್ಲವೂ 78ರವು, ಎಲ್ಲವೂ ಮೋನೋ. ಸ್ಟೀರಿಯೋ ರೆಕಾರ್ಡು ಅಂಗಡಿಗೆ ಬಂದದ್ದೇ 1958ರ ಸುಮಾರಿಗೆ. ಅದನ್ನು ಈ ಮನೆಯವರು ಕೊಂಡಿರಲೇ ಇಲ್ಲ. ಇಂಥ ಪ್ಲೇಟಿಗೆ ಎದುರಿನ ಮೋನೋ ಗುಂಡಿ ಒತ್ತುವುದೇ ಕ್ಷೇಮ, ಗೊರಗೊರ ಸದ್ದೂ ಇಳಿಯುತ್ತದೆ, ಎಲ್ಲಿ ಕೂತರೂ ಹಾಡು ಒಂದೇ. ಅಷ್ಟರಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಸೇರಿಸಲು ಯಾವ ಗುಂಡಿ ಒತ್ತಬೇಕೆಂಬುದು ಮಾತ್ರ ಕಂಪನಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇಲ್ಲ.