ಬೆದರಿಕೆ ಮಿಂಚಂಚೆಯ ಮೀಮಾಂಸೆ: ಘಟ್ಟದ ಮೇಲಣ ಮೂರು ತಾಲೂಕುಗಳನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅಧ್ಯಯನ

ಪೀಠಿಕೆ: ಸಮಕಾಲೀನ ಅಂತರ್ಜಾಲೀಯ ಬೆದರಿಕೆ-ಕಥನವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ-ಕೇಂದ್ರಿತ ಸಾಂಸ್ಕೃತಿಕ ಭಿತ್ತಿಯ ಮೇಲಿಟ್ಟು, ಭಯೋತ್ಪನ್ನ ವಿತ್ತ-ವರ್ಗಾವಣೆಯ ವಿವಿಧ ಆಯಾಮಗಳನ್ನು ಅನುಸಂಧಾನಗೈಯುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಈ ವಾಕ್ಯದಿಂದ ನಿಮಗೆ ಏನೂ ತಿಳಿಯದೆಯೂ ತುಸು ಗೌರವ ಹುಟ್ಟಿದ್ದರೆ ಪ್ರಬಂಧದ ಅರ್ಧ ಸಿದ್ಧಾಂತ ಇಲ್ಲಿಗೇ ಸಾಬೀತಾಯಿತು. ಉಳಿದರ್ಧಕ್ಕೆ ಮುಂದೆ ಓದಬೇಕು.

ಸಂಶೋಧನಾ ಪ್ರೇರಣೆ: ನಮ್ಮ ಕಡೆಯ ಸಭಾಭವನವೊಂದರಲ್ಲಿ ಜರುಗಿದ ಸೈಬರ್ ಜಾಗೃತಿ ಸಂಕಿರಣ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಸಂಪನ್ಮೂಲ ವ್ಯಕ್ತಿಗಳು 'ಡಿಜಿಟಲ್ ಪರಿಸರದಲ್ಲಿ ನಾಗರಿಕ ಸಬಲೀಕರಣದ ಸವಾಲುಗಳು' ಎಂಬಲ್ಲಿಗೆ ಬಂದಾಗ ಒಳಗಿಂದ ಸಾರಿನ ಪರಿಮಳ ಬರುತ್ತಿತ್ತು. "ದುಡ್ಡು ಹೋದ್ರೆ ಯಾವ ನಂಬರಿಗೆ ಫೋನ್ ಮಾಡವು?" ಎಂದು ಹಿಂದಿನ ಸಾಲಿನ ಅಜ್ಜನೊಬ್ಬ ಕೇಳುವಷ್ಟರಲ್ಲಿ ಮೈಕು ವಂದನಾರ್ಪಣೆಯವರ ಕೈಯಲ್ಲಿತ್ತು.

ವರ್ಗೀಕರಣ: ಬೆದರಿಕೆ ಮಿಂಚಂಚೆ ತ್ರಿವಿಧ. ಲಜ್ಜಾಮೂಲ, ಮುದ್ರಾಮೂಲ, ಸಂಕೀರ್ಣ.

ಲಜ್ಜಾಮೂಲ ಪ್ರಭೇದವು 2018ರ ಜುಲೈ ಸುಮಾರಿಗೆ ಜಗತ್ತಿನಾದ್ಯಂತ ಪ್ರವಾಹವಾಗಿ ಹರಿಯತೊಡಗಿತು. ಅದರ ಸ್ಥಾಯೀಭಾವ ಇಷ್ಟು: 'ನಿನ್ನ ಕಂಪ್ಯೂಟರಿನೊಳಗೆ ಹೊಕ್ಕಿದ್ದೇನೆ. ನೀನು ನೋಡಬಾರದ್ದನ್ನು ನೋಡುವಾಗ ನಿನ್ನ ಕ್ಯಾಮೆರಾದಿಂದಲೇ ನಿನ್ನನ್ನು ಚಿತ್ರಿಸಿದ್ದೇನೆ. 48 ಗಂಟೆಯೊಳಗೆ ಬಿಟ್‌ಕಾಯಿನ್ ಹಾಕು, ಇಲ್ಲವಾದರೆ ನಿನ್ನ ನೆಂಟರಿಗೆಲ್ಲ ಕಳಿಸುತ್ತೇನೆ.' ಈ ಸಾಹಿತ್ಯಕೃತಿಯನ್ನು ಸಿದ್ದಾಪುರದ ಹಳ್ಳಿಮನೆಯೊಂದರಲ್ಲಿಟ್ಟು ಪರೀಕ್ಷಿಸಿದಾಗ ಎರಡು ತಾತ್ವಿಕ ತೊಡಕುಗಳು ಕಾಣುತ್ತವೆ. ಒಂದು, ಜಗಲಿಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತ ಆ ಕಂಪ್ಯೂಟರಿಗೆ ಕ್ಯಾಮೆರಾವೇ ಇಲ್ಲ. ಎರಡು, ಆಷಾಢದಲ್ಲಿ ಮರ ಬಿದ್ದು ಲೈನು ಹೋಯಿತೆಂದರೆ ಗಡುವು ಮುಗಿದ ಮೇಲೇ ಕರೆಂಟು ಬರುತ್ತದೆ. ಬಂದ ಮೇಲೆ ನೋಡಿದರೆ ಯಾವ ನೆಂಟನಿಗೂ ಏನೂ ಹೋಗಿರುವುದಿಲ್ಲ. ವಂಚಕನ ಪ್ರಮೇಯ ಹುಸಿಯೆಂದು ಹೆಸ್ಕಾಂ ಖರ್ಚಿಲ್ಲದೆ ಸಾಧಿಸಿ ತೋರಿಸುವ ಪ್ರಯೋಗವಿದು.

ಆದರೂ ಓದಿದವನ ಎದೆ ಹಾರುವುದಕ್ಕೆ ಕಾರಣವಿದೆ. ಕೆಲವು ಪತ್ರಗಳ ತಲೆಯಲ್ಲೇ ನಿಮ್ಮ ಪಾಸ್‌ವರ್ಡ್ ಇರುತ್ತದೆ, ಅದೂ ನಿಜವಾದದ್ದು. ಅದು ನಿಮ್ಮ ಮನೆಯಿಂದ ಕದ್ದದ್ದಲ್ಲ. ಎಂದೋ ಖಾತೆ ತೆರೆದು ಮರೆತ ಜಾಲತಾಣದಿಂದ ಸೋರಿ, ರಾಶಿಯಲ್ಲಿ ಮಾರಾಟವಾದದ್ದು. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕಳುವಾದ ಮಾಹಿತಿ 2016ರಲ್ಲಿ ಮಾರಾಟಕ್ಕೆ ಬಂದಾಗ ಅದರಲ್ಲಿ 11 ಕೋಟಿಗೂ ಹೆಚ್ಚು ಖಾತೆಗಳಿದ್ದವು. ಇನ್ನು ಕೆಲವು ಪತ್ರಗಳು ನಿಮ್ಮದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಅಂಚೆ ಕಾರ್ಡಿನ ಮೇಲೆ 'ಇಂದ' ಎಂದು ಯಾರ ಹೆಸರನ್ನೂ ಬರೆಯಬಹುದಲ್ಲ, ಹಾಗೆ.

ಮುದ್ರಾಮೂಲ ಪ್ರಭೇದದಲ್ಲಿ ಬಿಟ್‌ಕಾಯಿನ್ ಮೊದಲಿಗೆ ಬರುವುದಿಲ್ಲ, ಸಿಂಹಲಾಂಛನ ಬರುತ್ತದೆ. ಸಿಬಿಐ ಎನ್ನುತ್ತದೆ, ಗುಪ್ತಚರ ದಳ ಎನ್ನುತ್ತದೆ, ಕೆಂಪು ಮೊಹರು, ಓದಲಾಗದ ಸಹಿ. ಮಕ್ಕಳ ಅಶ್ಲೀಲ ಚಿತ್ರ ನೋಡಿದ್ದೀರಿ, ಪೋಕ್ಸೋ ಕಾಯ್ದೆ, ಐಟಿ ಕಾಯ್ದೆಯ ಕಲಂ 67ಬಿ, 24 ಗಂಟೆಯಲ್ಲಿ ಉತ್ತರಿಸಿ. ಕಲಂಗಳು ನಿಜ, ಪತ್ರ ಸುಳ್ಳು. ಕೇಂದ್ರ ಸರ್ಕಾರದ ಪಿಐಬಿ ಇಂಥ ಪತ್ರಗಳನ್ನು ನಕಲಿಯೆಂದು ಮತ್ತೆ ಮತ್ತೆ ಸಾರಿದೆ. ಉತ್ತರಿಸಿದವನಿಗೆ ಮಾತ್ರ 'ಪ್ರಕರಣ ಮುಗಿಸುವ' ಶುಲ್ಕದ ವಿಚಾರ ತಿಳಿಯುತ್ತದೆ.

ಇಲ್ಲಿ ಸಂಶೋಧಕನಿಗೆ ಎದುರಾಗುವ ಒಗಟು: ತಾಳಮದ್ದಲೆಯಲ್ಲಿ ಕೃಷ್ಣನ ಸಂಧಾನವನ್ನು ರಾತ್ರಿಯಿಡೀ ಪ್ರಶ್ನಿಸಬಲ್ಲ ಊರು ಇದು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಒಂದೊಂದು ಸಾಲಿಗೂ ಎದ್ದು ನಿಲ್ಲುವ ಜನ. ಅವರು ಒಂದು ಮೊಹರಿನ ಮುಂದೆ ಮೂಕರಾಗುವುದೇಕೆ?

ಉತ್ತರ ಕಪಾಟಿನಲ್ಲಿದೆ. ಅತಿಕ್ರಮಣದ ನೋಟಿಸುಗಳ ಕಟ್ಟಿನಲ್ಲಿದೆ. ಉಳುಮೆ ಮಾಡಿದ ಜಾಗ ನಿನ್ನದೆಂದು ತೋರಿಸಲು ಮೂರು ತಲೆಮಾರಿನ, ಅಂದರೆ 75 ವರ್ಷದ ಸಾಕ್ಷ್ಯ ತಾ ಎಂದು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೇಳಿಸಿಕೊಂಡವರ ಜಿಲ್ಲೆ ಇದು. ಕಚೇರಿಯ ಕಾಗದ ಬಂತೆಂದರೆ ತಪ್ಪು ನಮ್ಮದೇ ಇರಬೇಕು ಎಂದು ಇಲ್ಲಿನ ಮನೆಗಳಿಗೆ ಅಭ್ಯಾಸ ಮಾಡಿಸಲಾಗಿದೆ. ಅರ್ಥವಾಗದ ಭಾಷೆ, ಕಲಂ, ಗಡುವು: ಅಸಲಿ ಕಾಗದವೂ ಹೀಗೇ ಇರುತ್ತದೆ. ವಂಚಕ ಹೊಸದೇನನ್ನೂ ಕಂಡುಹಿಡಿಯಲಿಲ್ಲ, ನಮ್ಮ ಸರ್ಕಾರದ ಶೈಲಿಯನ್ನು ಚೆನ್ನಾಗಿ ಓದಿಕೊಂಡ, ಅಷ್ಟೆ.

ಸಂಕೀರ್ಣ ಪ್ರಭೇದಕ್ಕೆ ಏಳು ಉಪಪ್ರಭೇದಗಳನ್ನು ಯೋಜಿಸಿದ್ದೆ, ಸಂಸ್ಕೃತ ಹೆಸರುಗಳೂ ಸಿದ್ಧವಿದ್ದವು. ಬೇಡ. ಹಳಿಯಾಳ ದಾಟಿದರೆ ಖಾನಾಪುರ ತಾಲೂಕು, ಅಲ್ಲಿ ಬೀಡಿ ಎಂಬ ಊರು. 2025ರ ಮಾರ್ಚಿನಲ್ಲಿ ಅಲ್ಲಿ ಒಂದು ವೃದ್ಧ ದಂಪತಿ ತೀರಿಕೊಂಡರು. ದಿಲ್ಲಿಯ ಅಧಿಕಾರಿ ಎಂದು ಹೇಳಿಕೊಂಡವನು ಫೋನಿನಲ್ಲೇ ಬಂಧನದ ಬೆದರಿಕೆ ಹಾಕಿ 50 ಲಕ್ಷಕ್ಕೂ ಹೆಚ್ಚು ಕಸಿದಿದ್ದ. ಕೊಟ್ಟರೂ ಬಿಡಲಿಲ್ಲ. ಅವರು ಜೀವ ಬಿಟ್ಟರು. 'ಡಿಜಿಟಲ್ ಬಂಧನ' ಎಂಬುದು ಕಾನೂನಿನಲ್ಲೇ ಇಲ್ಲವೆಂದು ಪ್ರಧಾನಿ 2024ರ ಅಕ್ಟೋಬರಿನಲ್ಲಿ ರೇಡಿಯೋದಲ್ಲಿ ಹೇಳಿದ್ದರು. ಆ ಮಾತು ಆ ಮನೆಗೆ ಮುಟ್ಟಲಿಲ್ಲ. ಈ ಸಾವಿಗೆ ಯಾವ 'ಆಯಾಮ' ಹಚ್ಚುತ್ತೀರಿ? ಯಾವ ಚೌಕಟ್ಟಿನಲ್ಲಿ ಕೂರಿಸುತ್ತೀರಿ? ಬೆಳಿಗ್ಗೆಯಿಂದ ಸಂಜೆಯವರೆಗೆ ಸಬಲೀಕರಣ ಎನ್ನುವವರು ನಾಲ್ಕು ಅಂಕಿಯ ಒಂದು ಸಂಖ್ಯೆಯನ್ನು ಮೊದಲು ಹೇಳಿ ಕೂರಬಾರದೆ?

1930. ಹಣ ಹೋಗಿದ್ದರೆ ತಕ್ಷಣ ಅಲ್ಲಿಗೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಜಿಲ್ಲೆಯ ಸೈಬರ್ ಅಪರಾಧದ ಸಿಇಎನ್ ಠಾಣೆ ಕಾರವಾರದಲ್ಲಿದೆ. ಆದರೆ ಮೊದಲ ಫೋನ್ ಮಾಡಲು ಘಟ್ಟ ಇಳಿಯಬೇಕಿಲ್ಲ. ಪತ್ರ ಬಂದಿದೆ, ಹಣ ಹೋಗಿಲ್ಲ ಎಂದಾದರೆ ಉತ್ತರ ಬರೆಯಬೇಡಿ, ಕೊಂಡಿ ಒತ್ತಬೇಡಿ, ಒಂದು ರೂಪಾಯಿಯನ್ನೂ ಹಾಕಬೇಡಿ. ಪತ್ರ ಸಾಕ್ಷಿಗೆ ಇರಲಿ. ಪತ್ರದಲ್ಲಿದ್ದ ಪಾಸ್‌ವರ್ಡನ್ನು ಬೇರೆಲ್ಲಾದರೂ ಬಳಸುತ್ತಿದ್ದರೆ ಇವತ್ತೇ ಬದಲಿಸಿ, ಒಂದೊಂದು ಖಾತೆಗೆ ಒಂದೊಂದು ಇರಲಿ. ಮೇಲ್ ಮತ್ತು ಬ್ಯಾಂಕಿಗೆ ಎರಡು ಹಂತದ ಪರಿಶೀಲನೆ ಹಾಕಿ, ಆ ಒಟಿಪಿಯನ್ನು ಯಾರಿಗೂ ಹೇಳಬೇಡಿ. ಕಂಪ್ಯೂಟರು ಅಪ್‌ಡೇಟ್ ಕೇಳಿದಾಗ 'ಆಮೇಲೆ' ಒತ್ತುವ ಚಾಳಿ ಬಿಡಿ. 'ಸರಿಮಾಡಿಕೊಡುತ್ತೇನೆ' ಎಂದು ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸುವ ಅಪರಿಚಿತನ ಫೋನ್ ಇಟ್ಟುಬಿಡಿ. ಎಲ್ಲಕ್ಕಿಂತ ಮೊದಲು ಪತ್ರವನ್ನು ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ. ಒಬ್ಬರೇ ಇಟ್ಟುಕೊಂಡು ಕೊರಗುವುದರ ಮೇಲೇ ಆ ವ್ಯಾಪಾರ ನಡೆಯುತ್ತದೆ.

ಬೆಂಗಳೂರಿನಲ್ಲೂ ಅದರಾಚೆಯೂ ಇರುವ ಮಕ್ಕಳಲ್ಲಿ ಒಂದು ವಿನಂತಿ. ಈ ವಾರ ಆಯಿ-ಅಪ್ಪಯ್ಯನಿಗೆ ಫೋನ್ ಮಾಡಿದಾಗ ಮಳೆ, ಕೊಳೆರೋಗ, ಅಡಿಕೆ ದರ ಕೇಳಿ ಮುಗಿದ ಮೇಲೆ, "ಹೆದರಿಸುವಂಥದ್ದು ಮೇಲ್ ಎಂತಾರು ಬಂಜಾ?" ಎಂದೂ ಕೇಳಿ. ಅವರ ಪಾಸ್‌ವರ್ಡ್ ಹಾಕಿಕೊಟ್ಟವರು ನೀವೇ, ನಿಮ್ಮದೇ ಹುಟ್ಟಿದ ದಿನಾಂಕ ಹಾಕಿ. ಅದನ್ನು ಬದಲಿಸಿಕೊಡಿ.