ಅಗಲ ಲೆನ್ಸಿನ ಭಾವ

ಕಮಲಾಪುರದಲ್ಲಿ ಮನೆ ಇದ್ದವರಿಗೆ ನೆಂಟರ ಬರ ಅಂತ ಬಂದದ್ದೇ ಇಲ್ಲ. ಮದುವೆಗೆ ಕರೆದರೆ "ಆಡಿಟ್ ಇದೆ" ಎನ್ನುವವರು, ಜಾತ್ರೆಗೆ ಕರೆದರೆ "ಮಕ್ಕಳ ಪರೀಕ್ಷೆ" ಎನ್ನುವವರು, ದೀಪಾವಳಿ ಕಳೆದು ನಮ್ಮ ಸೀಮೆಯ ಬಿಸಿಲು ಒಂದಿಷ್ಟು ಸಮಾಧಾನ ತಾಳಿತೆಂದರೆ ಸಾಕು, "ನಿಮ್ಮನ್ನೆಲ್ಲ ನೋಡಿ ಎಷ್ಟು ದಿನ ಆಯ್ತು" ಎನ್ನುತ್ತ ಚೀಲ ಸಮೇತ ಬಂದಿಳಿಯುತ್ತಾರೆ. ನಮ್ಮನ್ನು ನೋಡುವ ಕಾರ್ಯಕ್ರಮ ರಾತ್ರಿ ಊಟದ ಹೊತ್ತಿಗೆ ಮಾತ್ರ, ಹಗಲೆಲ್ಲ ಹಂಪಿ. ಬೇಸರವೇನಿಲ್ಲ. ಕೃಷ್ಣದೇವರಾಯನ ಪುಣ್ಯದಲ್ಲಿ ಬಂಧುಬಳಗ ಕೂಡಿಬರುತ್ತದೆ ಅಂದರೆ ಬೇಡ ಅನ್ನಲಿಕ್ಕೆ ನಾವ್ಯಾರು?

ಭಾವನದು ಮಾತ್ರ ಬೇರೆ ಕಥೆ. ಅವರ ಜೊತೆಗೆ ಒಂದು ಲೆನ್ಸೂ ಬರುತ್ತದೆ. ಅಕ್ಕನ ರೇಷ್ಮೆ ಸೀರೆಯಾದರೋ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಮುದುಡಿಕೊಂಡು ಬರುತ್ತದೆ. ಲೆನ್ಸಿಗೆ ಮೆತ್ತೆ ಹಾಕಿದ ಪ್ರತ್ಯೇಕ ಬ್ಯಾಗು, ಅದರೊಳಗೆ ತೇವ ಹೀರುವ ಪುಡಿಯ ಪೊಟ್ಟಣ, ಅದರ ಮೇಲೊಂದು ಮೆತ್ತನೆಯ ಬಟ್ಟೆ. 14 ಎಂಎಂ ಅಲ್ಟ್ರಾ ವೈಡ್. ಮುಂದಿನ ಗಾಜು ಹೊರಕ್ಕೆ ಉಬ್ಬಿಕೊಂಡಿರುವುದರಿಂದ ಮಾಮೂಲಿ ಫಿಲ್ಟರು ತಿರುವಿ ಕೂಡಿಸಲು ಬರುವುದಿಲ್ಲ. ಮನೆಯ ಹುಡುಗರು ಹತ್ತಿರ ಬಂದರೆ ಭಾವ ಅದನ್ನು ಎದೆಗೆ ಅವಚಿಕೊಳ್ಳುತ್ತಾರೆ. ಸ್ವಂತ ಮಗನನ್ನು ಹಾಗೆ ಅವಚಿಕೊಂಡದ್ದನ್ನು ನಾನಂತೂ ನೋಡಿಲ್ಲ.

"ಸಾಧಾರಣ 50 ಎಂಎಂ ಲೆನ್ಸು ಮೂಲೆಯಿಂದ ಮೂಲೆಗೆ 47 ಡಿಗ್ರಿ ನೋಡತ್ತೆ ಕಣಪ್ಪಾ. ಇದು 114! ಇಡೀ ಹಂಪಿ ಇದರೊಳಗೆ ಬಂತು ಅಂದ್ಕೋ."

"ಭಾವ, ಯುನೆಸ್ಕೋದವರು ಅಳತಿ ಮಾಡಿದ ಹಂಪಿನೇ 41 ಚದರ ಕಿಲೋಮೀಟರ್ ಮ್ಯಾಲೈತ್ರೀ."

ಕೇಳಿಸಿಕೊಳ್ಳಲಿಲ್ಲ. ಲೆನ್ಸಿನ ಮೇಲಿನ ಧೂಳನ್ನು ರಬ್ಬರ್ ಬುರುಡೆಯಿಂದ ಪುಸ್ ಪುಸ್ ಎಂದು ಊದುತ್ತಿದ್ದರು.

ಸಂಜೆ ಹೇಮಕೂಟ ಹತ್ತಿದರು, ಕ್ಲಿಕ್ಕಿಸಿದರು, ಮನೆಗೆ ಬಂದು ಟಿವಿಗೆ ತಂತಿ ಸಿಕ್ಕಿಸಿ ತೋರಿಸಿದರು. ನಿಜ, ಎಲ್ಲವೂ ಇತ್ತು. ಮೇಲರ್ಧ ಆಕಾಶ, ಕೆಳಗರ್ಧ ಹಾಸುಬಂಡೆ. ಎರಡರ ನಡುವೆ ಸಣ್ಣದೊಂದು ಗೆರೆ. ಆ ಗೆರೆಯೇ ಹಂಪಿ. ಒಂದೊಂದೂ ಮನೆಯಷ್ಟಿರುವ ಗುಂಡುಗಳು ಒಗ್ಗರಣಿ ಮಂಡಕ್ಕಿಯೊಳಗಿನ ಶೇಂಗಾಬೀಜದ ಹಾಗೆ ಅಲ್ಲೊಂದು ಇಲ್ಲೊಂದು. ಮಾತಂಗ ಪರ್ವತ ಎಲ್ಲಿ ಎಂದು ಅಕ್ಕ ಕೇಳಿದಳು. ಭಾವ ಎದ್ದುಹೋಗಿ ಟಿವಿಯ ಮೇಲೆ ಬೆರಳಿಟ್ಟು ತೋರಿಸಿದರು. ಬೆರಳಿನಡಿ ಪರ್ವತ ಮುಚ್ಚಿಹೋಯಿತು.

ಅಗಲ ಲೆನ್ಸು ಕೊಳ್ಳುವವರೆಲ್ಲರ ಲೆಕ್ಕಾಚಾರ ಇಲ್ಲೇ ತಪ್ಪುವುದು. ಜಾಸ್ತಿ ಹಿಡಿಸುತ್ತದೆ ಅಂತ ಅದನ್ನು ಕೊಳ್ಳುತ್ತಾರೆ. ಹಿಡಿಸುತ್ತದೆ, ಸುಳ್ಳಲ್ಲ. ಆದರೆ ಫೋಟೋದ ಅಗಲ ಅಷ್ಟೇ ಇದ್ದು ಪಾಲುದಾರರು ಹೆಚ್ಚಾದರೆ ಒಬ್ಬೊಬ್ಬರಿಗೆ ಸಿಗುವುದು ಎಷ್ಟು? ದೂರದ್ದೆಲ್ಲ ಇನ್ನೂ ದೂರ ಓಡುತ್ತದೆ, ಕಾಲಬುಡದಲ್ಲಿರುವ ಕಲ್ಲು ಮಾತ್ರ ದೈತ್ಯನಾಗುತ್ತದೆ. ಹಾಗಾಗಿ ಈ ಲೆನ್ಸು ಇರುವುದು ದೂರ ನಿಂತು ಎಲ್ಲವನ್ನೂ ಬಾಚಿಕೊಳ್ಳಲಿಕ್ಕಲ್ಲ, ಒಂದರ ಹತ್ತಿರ ಹೋಗಿ ನಿಲ್ಲಲಿಕ್ಕೆ. ಹಾಸುಬಂಡೆಯ ಮೇಲೆ ಉಳಿಯ ಗುರುತಿನ ಸಾಲು ಇರುತ್ತದಲ್ಲ, ಬಂಡೆ ಸೀಳಲಿಕ್ಕೆ ಹೊಡೆದ ಚೌಕ ತೂತುಗಳು? ಅದರ ಪಕ್ಕ ಮಂಡಿಯೂರಿ, ಅಪರ್ಚರನ್ನು ಎಫ್ 8ಕ್ಕೆ ಇಟ್ಟು, ಒಂದು ಮೀಟರಿಗೆ ಫೋಕಸ್ ಮಾಡಿ. ಅರ್ಧ ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ನಿಚ್ಚಳ. ಕಲ್ಲುಕುಟಿಗನ ತೂತು ಮುಂದೆ, ಅವನು ಕಟ್ಟಿದ ಗುಡಿ ಹಿಂದೆ. ಇದನ್ನು ಹೇಳಿದ್ದಕ್ಕೆ ಭಾವ "ಮಂಡಿ ನೋವಪ್ಪಾ" ಅಂದರು. ಒಂದು ಲಕ್ಷದ ಲೆನ್ಸಿಗೆ ನೋವಿಲ್ಲ, ಮಂಡಿಗೆ ನೋವು.

ಹಂಪಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಒಂದು ದೊಡ್ಡ ಇತಿಹಾಸವೇ ಇದೆ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿಗೆ ಬಂದು, ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಹಿಡಿದ. ಆತನ ಚಿತ್ರದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇನ್ನೂ ಇದೆ. ಈಗಿನ ಬೋಳುತಲೆಯ ರಥ ನೋಡಿ, 50 ರೂಪಾಯಿ ನೋಟಿನಲ್ಲೂ ಅದನ್ನೇ ನೋಡಿ ರೂಢಿಯಾದವರಿಗೆ ಆ ಫೋಟೋ ನೋಡಿದರೆ ಅಪರಿಚಿತರನ್ನು ಕಂಡಂತಾಗುತ್ತದೆ. ನೂರಿಪ್ಪತ್ತೇಳು ವರ್ಷ ಕಳೆದು, 1983ರಲ್ಲಿ, ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಇಲ್ಲಿ ವಿಜಯನಗರದ ಅಧ್ಯಯನ ನಡೆಸುತ್ತಿದ್ದ ಕಾಲಕ್ಕೆ, ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಬಂದು ಗ್ರೀನ್‌ಲಾ ತೆಗೆದ ಚಿತ್ರಗಳನ್ನೇ ಮತ್ತೆ ತೆಗೆದರು. ಹಾಗೆ ತೆಗೆಯಬೇಕೆಂದರೆ ಗ್ರೀನ್‌ಲಾ ಕ್ಯಾಮೆರಾ ಊರಿದ ಜಾಗವನ್ನೇ ಹುಡುಕಬೇಕು. ಎಷ್ಟು ಒಳ್ಳೆಯ ಲೆನ್ಸಿದ್ದರೂ, ಯಾವ ಕಂಬ ಯಾವ ಬಂಡೆಯನ್ನು ಮರೆಮಾಡಬೇಕು ಎಂಬುದನ್ನು ತೀರ್ಮಾನಿಸುವುದು ನಿಂತ ಕಾಲು. ಲೆನ್ಸಿನ ಅಧಿಕಾರ ಎಷ್ಟು ಅಂದರೆ, ಕಂಡದ್ದರಲ್ಲಿ ಎಷ್ಟನ್ನು ಕತ್ತರಿಸಿ ಕೊಡಬೇಕು ಎಂಬಷ್ಟೇ. ಪರ್ಸ್‌ಪೆಕ್ಟಿವ್ ಎಂದು ಭಾವ ದಿನಕ್ಕೆ ಹತ್ತು ಸಲ ಅನ್ನುತ್ತಾರಲ್ಲ, ಅದು ಚಪ್ಪಲಿಯ ವ್ಯವಹಾರ, ಗಾಜಿನದಲ್ಲ.

ಇನ್ನು ಗೋಪುರ. ವಿರೂಪಾಕ್ಷನ ಪೂರ್ವದ ರಾಜಗೋಪುರ ಹತ್ತಿರ ಹತ್ತಿರ 50 ಮೀಟರ್. ಕಟ್ಟಿದವರೇ ಅದನ್ನು ಮೇಲೆ ಹೋದಂತೆ ಸಣ್ಣ ಮಾಡಿದ್ದಾರೆ. ಭಾವ ಅದರ ಬುಡಕ್ಕೇ ಹೋಗಿ ಕ್ಯಾಮೆರಾ ಮೇಲಕ್ಕೆತ್ತುತ್ತಾರೆ. ಸಣ್ಣಗಾದದ್ದು ಇನ್ನಷ್ಟು ಸಣ್ಣಗಾಗಿ, ಗೋಪುರ ಹಿಂದಕ್ಕೆ ಒರಗಿ, ಇನ್ನೇನು ಅಂಗಾತ ಬೀಳುವ ಹಾಗೆ ಕಾಣುತ್ತದೆ. ಸೆನ್ಸರು ಓರೆಯಾದರೆ ಕಟ್ಟಡದ ನೆಟ್ಟನೆಯ ಗೆರೆಗಳೆಲ್ಲ ಮೇಲೆ ಒಂದಕ್ಕೊಂದು ಹತ್ತಿರ ಬಂದೇ ಬರುತ್ತವೆ. ಲೆನ್ಸು ಅಗಲವಾದಷ್ಟೂ ಈ ಆಟ ಜಾಸ್ತಿ.

ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ಓರೆ ಮಾಡದೆ ಮಟ್ಟವಾಗಿಯೇ ಇಟ್ಟರೆ, 14 ಎಂಎಂ ಲೆನ್ಸಿಗೆ ಸುಮಾರು 40 ಮೀಟರ್ ಹಿಂದೆ ಸರಿದರೆ ಸಾಕು, ಕಳಸ ಸಮೇತ ಗೋಪುರ ಒಳಗೆ ಬರುತ್ತದೆ. ಕೆಳಗಿನರ್ಧ ಬರೀ ರಸ್ತೆ ಬರುತ್ತದೆ, ಅದನ್ನು ಆಮೇಲೆ ಕತ್ತರಿಸಿ ಹಾಕಬಹುದು. 24 ಎಂಎಂ ಆದರೆ 65 ಮೀಟರ್. ಸಾದಾ 50 ಎಂಎಂ ಇದ್ದರೂ 135 ಮೀಟರ್ ಆಸುಪಾಸು. ಸಣ್ಣ ಊರಿನ ಗಲ್ಲಿಯಲ್ಲಿ ಇಷ್ಟು ಹಿಂದೆ ಸರಿದರೆ ಯಾರದೋ ಅಡುಗೆಮನೆಗೆ ಹೋಗಿ ನಿಲ್ಲಬೇಕು, ಅಲ್ಲಿ ಅಗಲ ಲೆನ್ಸು ಬೇಕು, ಒಪ್ಪುತ್ತೇನೆ. ಹಂಪಿಯಲ್ಲಿ? ಗೋಪುರದ ಎದುರಿನ ಬಜಾರು ಏಕಶಿಲಾ ನಂದಿಯವರೆಗೆ ಮುಕ್ಕಾಲು ಕಿಲೋಮೀಟರ್ ಹತ್ತಿರ ನೆಟ್ಟಗೆ ಬಿದ್ದಿದೆ. ವಿಜಯನಗರದವರು ಇಷ್ಟು ಉದ್ದದ ರಸ್ತೆ ಬಿಟ್ಟುಕೊಟ್ಟ ಮೇಲೂ ಬುಡಕ್ಕೇ ನಿಂತು ಕತ್ತು ಎತ್ತುವವರಿಗೆ ಏನೆನ್ನುವುದು? ಇದಕ್ಕೇ ಅಂತ ಕ್ಯಾಮೆರಾ ಮಟ್ಟವಾಗಿಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಜರುಗಿಸುವ ಶಿಫ್ಟ್ ಲೆನ್ಸುಗಳಿವೆ. 2009ರಲ್ಲಿ ಕ್ಯಾನನ್ 17 ಎಂಎಂದು ಒಂದನ್ನು ಬಿಟ್ಟಿತು. ಭಾವನಿಗೆ ಇದನ್ನು ಹೇಳಬೇಡಿ, ಅಕ್ಕನಿಗೆ ಮನೆಸಾಲ ಇನ್ನೂ ತೀರಿಲ್ಲ.

ಆ ಶಿಫ್ಟ್ ಲೆನ್ಸಿನ ಪಾಠ ಅದೇ ಗುಡಿಯೊಳಗೆ ಪುಕ್ಕಟೆ ಸಿಗುತ್ತದೆ. ಗರ್ಭಗುಡಿಯ ಹಿಂದೆ ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಗೈಡುಗಳು ತೋರಿಸುತ್ತಾರೆ. ಎಲ್ಲರೂ "ಅಯ್ಯೋ, ತಲೆಕೆಳಗೆ!" ಎಂದು ಬೆರಗಾಗಿ, ಮೊಬೈಲಿನಲ್ಲಿ ಹಿಡಿದು, ಮೊಬೈಲನ್ನೇ ತಿರುಗಿಸಿ ನೆಟ್ಟಗೆ ಮಾಡಿ ನೋಡಿ ಹೊರಡುತ್ತಾರೆ. ಸಣ್ಣ ಕಿಂಡಿಯಲ್ಲಿ ಹಾಯ್ದ ಬೆಳಕು ತಲೆಕೆಳಗಾಗುವುದು ಶಾಲೆಯ ಪಾಠ, ಅದು ದೊಡ್ಡದಲ್ಲ. ನೋಡಬೇಕಾದದ್ದು ಬೇರೆ ಇದೆ: ಆ ಗೋಪುರ ತಲೆಕೆಳಗಾದರೂ ಹಿಂದಕ್ಕೆ ಒರಗಿಲ್ಲ. ಯಾಕೆಂದರೆ ಇಲ್ಲಿ ಫಿಲ್ಮಿನ ಕೆಲಸ ಮಾಡುವ ಗೋಡೆ ನೆಟ್ಟಗೆ ನಿಂತಿದೆ, ಗೋಪುರವೂ ನೆಟ್ಟಗೆ ನಿಂತಿದೆ. ಗಾಜಿಲ್ಲ, ಬ್ಯಾಟರಿಯಿಲ್ಲ, ಮೆತ್ತೆ ಹಾಕಿದ ಬ್ಯಾಗಿಲ್ಲ. ಭಾವ ಇದರದೂ ಫೋಟೋ ತೆಗೆದರು. 14 ಎಂಎಂನಲ್ಲಿ. ಕೋಣೆ ಪೂರ್ತಿ ಬಂತು, ನಾಲ್ಕು ಜನ ಗೈಡು ಬಂದರು, ನೆರಳು ಮಾತ್ರ ಬೆರಳುಗುರುತಿನಷ್ಟು.

ಲೆನ್ಸಿಗೆ ಬರೀ ಬೈಯುವುದು ನ್ಯಾಯವಲ್ಲ. ಅದೇ ಗುಡಿಯ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ, ಗಿರಿಜಾ ಕಲ್ಯಾಣ, ಅರ್ಜುನನ ಮತ್ಸ್ಯಯಂತ್ರ, ಹೀಗೆ ಚಿತ್ರಗಳ ಸಂತೆಯೇ ಇದೆ. ಅದನ್ನು ಕತ್ತು ನೋಯಿಸಿಕೊಂಡು ಓರೆಯಲ್ಲಿ ತೆಗೆದರೆ ಹಾಳು. ಮೊಬೈಲಿನಲ್ಲಿ ಅಗಲ ಲೆನ್ಸಿನ 0.5 ಒತ್ತಿ, ಟೈಮರ್ ಹಾಕಿ, ನೆಲದ ಮೇಲೆ ಬೋರಲು ಮಲಗಿಸಿ ಪಕ್ಕಕ್ಕೆ ಸರಿದುಬಿಡಿ. ಮೇಲೆ ನೋಡುವುದು ಹಿಂಬದಿಯ ಕ್ಯಾಮೆರಾ. ಪರದೆ ನೆಲ ನೋಡುತ್ತದೆ, ಹಾಗಾಗಿ ಅಡಿಗೊಂದು ಕರವಸ್ತ್ರ ಹಾಸಿ. ನೆಲ ಮಟ್ಟ, ಚಾವಣಿ ಮಟ್ಟ, ಮೊಬೈಲೂ ಮಟ್ಟ. ಒಂದು ಗೆರೆಯೂ ಸೊಟ್ಟಗಾಗದೆ ಚಾವಣಿ ಬರುತ್ತದೆ. ಟ್ರೈಪಾಡು ಊರಿದರೆ ಕಾವಲುಗಾರರು ಸೀಟಿ ಊದುತ್ತಾರೆ, ಅದಕ್ಕೆ ಅನುಮತಿ ಬೇಕು. ಕರವಸ್ತ್ರಕ್ಕೆ ಇನ್ನೂ ಯಾರೂ ಅನುಮತಿ ಕೇಳಿಲ್ಲ. ಬಡವಿಲಿಂಗದ ಹತ್ತಿರವೂ ಹಾಗೇ. ಮೂರು ಮೀಟರಿನ ಲಿಂಗ, ಇಕ್ಕಟ್ಟಾದ ಗುಡಿ, ಕಾಲಡಿ ನೀರು. ಹಿಂದೆ ಸರಿಯಲು ಜಾಗವಿಲ್ಲ. ಅಲ್ಲಿ ಅಗಲ ಲೆನ್ಸೇ ಗತಿ. ಪಕ್ಕದ ಲಕ್ಷ್ಮೀನರಸಿಂಹನಿಗೆ ಮಾತ್ರ ಬೇಡ. 6.7 ಮೀಟರಿನ ಆ ಮೂರ್ತಿಯನ್ನು ಕೆಳಗಿನಿಂದ ಅಗಲ ಲೆನ್ಸಿನಲ್ಲಿ ಹಿಡಿದರೆ ಎರಡು ಮಂಡಿಯೇ ದೇವರು, ಮುಖ ಎಲ್ಲೋ ಮೇಲೆ ಅತಿಥಿ.

ಅಂಚಿನ ಕಥೆ ಇನ್ನೂ ಘೋರ. ನೆಟ್ಟನೆಯ ಗೆರೆಯನ್ನು ನೆಟ್ಟಗೇ ಉಳಿಸಬೇಕೆಂದು ಹಟ ಹಿಡಿಯುವ ಈ ಲೆನ್ಸು, ಆ ಹಟದ ಖರ್ಚನ್ನೆಲ್ಲ ಅಂಚಿನಲ್ಲಿರುವವರಿಂದ ವಸೂಲು ಮಾಡುತ್ತದೆ. 14 ಎಂಎಂನಲ್ಲಿ ತೀರಾ ಅಂಚಿಗೆ ಬಂದ ಗುಂಡುತಲೆ ಒಂದೂವರೆ ಪಟ್ಟಿಗೂ ಹೆಚ್ಚು ಅಗಲವಾಗುತ್ತದೆ. ಕಮಲ ಮಹಲಿನ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ಭಾವನ ತಾಯಿ ಎಡತುದಿಗೆ ಇದ್ದರು. ಫೋಟೋ ನೋಡಿ ಆ ಹಿರಿಯರು ಒಂದೇ ಮಾತು ಅಂದರು: "ಈ ಮನೆಯಾಗ ಊಟ ಚಲೋ ಹಾಕ್ಯಾರ ಅಂತ ಜನ ತಿಳೀತಾರ ಬಿಡು." ನಡುವೆ ನಿಂತಿದ್ದ ಅಕ್ಕ ತೆಳ್ಳಗೆ ಬಂದಿದ್ದಳು. ಅಂದಿನಿಂದ ನಮ್ಮ ಮನೆಯ ಗುಂಪು ಫೋಟೋದಲ್ಲಿ ನಡುವಿನ ಜಾಗಕ್ಕೆ ಪೈಪೋಟಿ.

ಈ ಗುಣವನ್ನು ಸರಿಯಾಗಿ ಅರಿತವರು ರೂಮು ಬಾಡಿಗೆಗೆ ಕೊಡುವವರು. ಮಂಚ ಹಾಕಿದರೆ ಬಾಗಿಲು ತೆರೆಯದ ಕೋಣೆಯೂ ಮೂಲೆಯಿಂದ ತೆಗೆದ ಫೋಟೋದಲ್ಲಿ ಕಲ್ಯಾಣಮಂಟಪ. ಅಂಥ ಫೋಟೋದಲ್ಲಿ ಗೋಡೆ ನೋಡಬಾರದು, ದಿಂಬು ನೋಡಬೇಕು. ಅಂಚಿನ ದಿಂಬು ಮಂಚದರ್ಧ ಉದ್ದವಾಗಿದ್ದರೆ ಬೇರೆ ಕಡೆ ವಿಚಾರಿಸಿ.

ಈ ಅಗಲದ ಹುಚ್ಚು ಭಾವನೊಬ್ಬರದ್ದೇ ಅಲ್ಲ, ಅದನ್ನೂ ಹೇಳಬೇಕು. 1859ರಲ್ಲಿ ಇಂಗ್ಲೆಂಡಿನ ಥಾಮಸ್ ಸಟನ್ ಎಂಬಾತ ಗಾಜಿನ ಗೋಳದೊಳಗೆ ನೀರು ತುಂಬಿಸಿ 120 ಡಿಗ್ರಿ ನೋಡುವ ಲೆನ್ಸು ಮಾಡಿದ. 1900ರಲ್ಲಿ ಬರ್ಲಿನ್ನಿನ ಗೋರ್ಜ್ ಕಂಪನಿಯ ಹೈಪರ್‌ಗಾನ್ ಲೆನ್ಸು 130 ಡಿಗ್ರಿ ದಾಟಿತು. ಆದರೆ ನಡುವೆ ಬೆಳಕು ಜಾಸ್ತಿ, ಮೂಲೆಯಲ್ಲಿ ಕತ್ತಲು. ಅದಕ್ಕೆ ಲೆನ್ಸಿನ ಮುಂದೆ ನಕ್ಷತ್ರದಾಕಾರದ ಪುಟ್ಟ ಚಕ್ರ. ಫೋಟೋಗ್ರಾಫರ್ ರಬ್ಬರ್ ಬುರುಡೆ ಹಿಸುಕಿ ಗಾಳಿ ಊದಿ ಅದನ್ನು ಗಿರ್ರನೆ ತಿರುಗಿಸಬೇಕು, ಆಗ ನಡುವಿನ ಬೆಳಕು ತಗ್ಗುತ್ತದೆ. ಗಾಳಿ ಊದುವ ಕಸರತ್ತು ಅಂದಿನಿಂದ ಇಂದಿನವರೆಗೆ ತಪ್ಪಿಲ್ಲ. ಈಗಂತೂ ಎಲ್ಲರ ಜೇಬಿನ ಮೊಬೈಲಿನಲ್ಲೂ ಅಗಲ ಲೆನ್ಸು ಬಂದು ಕೂತಿದೆ. 2016ರಲ್ಲಿ ಎಲ್‌ಜಿ ಜಿ5, 2019ರಲ್ಲಿ ಐಫೋನ್ 11. ಆಮೇಲೆ ರಥದ ಮುಂದೆ 50 ರೂಪಾಯಿ ನೋಟು ಹಿಡಿದು 0.5ರಲ್ಲಿ ಫೋಟೋ ತೆಗೆಯುವವರ ಸಾಲೇ ಸಾಲು. ನೋಟು ಫಲಕದಷ್ಟು, ರಥ ಆಟಿಕೆಯಷ್ಟು.

ನನಗೆ ಕೇಳಿದರೆ ಅಗಲ ಲೆನ್ಸಿಗೆ ಹೇಳಿಮಾಡಿಸಿದ ಜಾಗ ನಮ್ಮ ಊರಿನ ಮಗ್ಗುಲಲ್ಲೇ ಇದೆ, ಪಟ್ಟಾಭಿರಾಮನ ಗುಡಿ. ವಿಶಾಲವಾದ ಪ್ರಾಕಾರ, ಬಸ್ಸಿನ ಜನ ಅಷ್ಟಾಗಿ ಬರುವುದಿಲ್ಲ. ಮಂಟಪದೊಳಗೆ ಒಂದು ಕಂಬಕ್ಕೆ ಮೈ ತಾಗುವಷ್ಟು ಹತ್ತಿರ ನಿಂತರೆ, ಆ ಕಂಬದ ಕೆತ್ತನೆ ಒಂದು ಬದಿ ತುಂಬಿ, ಮಿಕ್ಕ ಕಂಬಗಳು ಒಂದರ ಹಿಂದೊಂದು ಬೆಳಕಿನ ಕಡೆ ನಡೆದುಹೋಗುತ್ತವೆ. ಭಾವ ಅಲ್ಲಿಗೆ ಬರಲಿಲ್ಲ. "ಹೆಸರೇ ಕೇಳಿಲ್ಲವಲ್ಲಪ್ಪಾ" ಅಂದರು. ಯಾರಿಗೂ ಹೆಸರು ಗೊತ್ತಿಲ್ಲದ ಕಡೆ ತೆಗೆದ ಫೋಟೋಗೆ ಲೈಕು ಯಾರು ಕೊಡಬೇಕು?

ಕೊನೆಗೆ ನಾನೇ ಸೋತು, "ಭಾವ, ಇಡೀ ಹಂಪಿ ಒಂದೇ ಫ್ರೇಮಿನಾಗ ಬೇಕಂದ್ರ ದೂರ ಹೋಗೋದೇ ಬ್ಯಾಡ್ರೀ, ನಮ್ಮ ಕಮಲಾಪುರದ ಮ್ಯೂಸಿಯಮ್ಮಿಗೆ ಹೋಗ್ರಿ. ಅಂಗಳದಾಗ ಬೆಟ್ಟ, ಹೊಳಿ, ಗುಡಿ ಎಲ್ಲ ಸೇರಿಸಿ ಹಂಪಿ ಮಾದರಿ ಮಾಡಿಟ್ಟಾರ. ಶುಕ್ರವಾರ ಒಂದು ರಜಾ" ಎಂದು ಕಳಿಸಿಕೊಟ್ಟೆ. ಮಧ್ಯಾಹ್ನಕ್ಕೆ ಅಲ್ಲಿಂದಲೇ ಫೋನು.

"ಮಾದರಿ ಚೆನ್ನಾಗಿದೆ ಕಣಪ್ಪಾ. ಆದರೆ ಎರಡು ಮೂಲೆ ಕಟ್ ಆಗ್ತಿದೆ. 11 ಎಂಎಂದು ಒಂದು ಬಂದಿದೆಯಂತೆ. ನಿಮ್ಮಕ್ಕನ ಹತ್ತಿರ ನೀನೇ ಒಂದು ಮಾತು ಹೇಳ್ತೀಯಾ?"